ಬಜೆಟ್ಟು, ಟವೆಲ್ಲು ಮತ್ತು ನನ್ನ ಸ್ಕೂಟರು

ಸರ್ಕಾರದ ಬಜೆಟ್ಟಿಗೂ ನಮ್ಮ ಮನೆಯ ಸಂಜೆಯ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿಗೂ ನೇರ ಸಂಬಂಧವಿದೆ ಎಂದರೆ ಅರ್ಥಶಾಸ್ತ್ರ ಓದಿದವರು ನಗಬಹುದು. ನಗಲಿ, ಅವರ ಹೆಂಡಂದಿರು ಸಿರುಗುಪ್ಪಕ್ಕೆ ಕೆಲಸಕ್ಕೆ ಹೋಗುವುದಿಲ್ಲ. ನಾನು ಬಳ್ಳಾರಿಯಲ್ಲಿ ಮನೆ ಮಾಡಿಕೊಂಡು ದಿನಾ ಸ್ಕೂಟರಿನಲ್ಲಿ ಕುರುಗೋಡಿನ ಹೈಸ್ಕೂಲಿಗೆ ಹೋಗಿ ವಿಜ್ಞಾನ ಹೇಳುವವನು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಎಂದು ಬಜೆಟ್ಟಿನಲ್ಲಿ ದುಡ್ಡಿಟ್ಟ ಮೇಲೆ ನನ್ನ ಹೆಂಡತಿ ಗಿರಿಜಾ ಸಿರುಗುಪ್ಪದಲ್ಲಿ ಹೊಲಿಗೆ ಕಲಿಸಲು ಸೇರಿಕೊಂಡಳು. ಅಲ್ಲಿನ ಪಗಾರದಲ್ಲಿ ಬಸ್ ಚಾರ್ಜು ಕಳೆದರೆ ದಾರದುಂಡಿಗೂ ಸಾಲದು. ಬಸ್ಸು ಪುಕ್ಕಟೆ ಇರುವುದರಿಂದಲೇ ಆ ಕೆಲಸ. ಅಂದಿನಿಂದ ಅವಳ ಮುಖದಲ್ಲಿ ಹೊಸ ಕಳೆ ಬಂದಿದೆ. ನಾನು ಸಂಜೆ ಬೀಗ ತೆಗೆದು ಒಳಬಂದು ಮಂಡಕ್ಕಿ ನೆನೆಸುವುದನ್ನು ಕಲಿತಿದ್ದೇನೆ. ಮೊದಮೊದಲು ನನ್ನ ಒಗ್ಗರಣೆ ಮುದ್ದೆಯಾಗುತ್ತಿತ್ತು, ಈಗ ಪರವಾಗಿಲ್ಲ. ಗಿರಿಜಾ ಕರಿಯುತ್ತಿದ್ದ ಬಿಸಿ ಮಿರ್ಚಿ ಮಾತ್ರ ನಿಂತುಹೋಗಿದೆ.

ನನ್ನ ಪಾಠದಲ್ಲಿ ನನಗೆ ಬಹಳ ಪ್ರಿಯವಾದದ್ದು ಪರಿಸರ. ಬಜೆಟ್ಟಿಗೂ ಅದು ಪ್ರಿಯ. ಒಂದು ಪುಟದಲ್ಲಿ ರಸ್ತೆ ಅಗಲ ಮಾಡಲು ದುಡ್ಡು ಬಂತು, ನಮ್ಮ ರಸ್ತೆಬದಿಯ ಬೇವಿನ ಮರಗಳು ಹೋದವು. ಇನ್ನೊಂದು ಪುಟದಲ್ಲಿ ಹಸಿರಿಗೆ ದುಡ್ಡು ಬಂತು, ಶಾಲೆಗೆ ಸಸಿಗಳು ಬಂದವು. ಸಸಿ ಪ್ರತಿ ವರ್ಷ ಹೊಸದು, ಗುಂಡಿ ಮಾತ್ರ ಹಳೆಯದು. ಅಗೆಯುವ ಶ್ರಮವಾದರೂ ಉಳಿಯಿತಲ್ಲ ಎಂದು ಸಮಾಧಾನ. ಮರ ಹೋದಲ್ಲಿ ಬಸ್ಸು ಕಾಯುವವರು ಈಗ ಲೈಟಿನ ಕಂಬದ ನೆರಳಿನಲ್ಲಿ ಒಬ್ಬರ ಹಿಂದೊಬ್ಬರು ನಿಲ್ಲುತ್ತಾರೆ. ನಮ್ಮ ಜನಕ್ಕೆ ಸಾಲಿನಲ್ಲಿ ನಿಲ್ಲುವ ಶಿಸ್ತು ಬಂದದ್ದೇ ಹಾಗೆ. ಇದನ್ನೆಲ್ಲ ಕಂಡು ಹೊಟ್ಟೆ ಉರಿದು, ಶನಿವಾರ ಶಿಕ್ಷಕರೆಲ್ಲ ಬಸ್ಸಿನಲ್ಲೇ ಬರೋಣ ಎಂದು ಮೀಟಿಂಗಿನಲ್ಲಿ ನಾನೇ ಎದ್ದು ಹೇಳಿಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಶನಿವಾರ ಬಸ್ಸಿಗೆ ಬಂದವನು ನಾನೊಬ್ಬನೇ.

ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಸೀಟು ಹಿಡಿಯುವುದು ಕಾಲಿನಿಂದಲ್ಲ, ಕೈಯಿಂದ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಒಗೆಯಬೇಕು. ಒಗೆದೆ, ಸರಿಯಾಗಿ ಸೀಟಿನ ಮೇಲೇ ಬಿತ್ತು. ನೂಕಾಡಿ ಒಳಗೆ ಹೋಗಿ ನೋಡಿದರೆ ನನ್ನ ಟವೆಲ್ಲನ್ನು ಮಡಚಿ ಅದರ ಮೇಲೇ ಒಬ್ಬ ಅಜ್ಜಿ ಆರಾಮಾಗಿ ಕೂತಿದ್ದಳು.

"ಅಜ್ಜಿ, ಅಲ್ಲಿ ನನ್ನ ಟವಲ್ ಐತಿ," ಎಂದೆ.

"ಐತಿ ನಾಯನಾ, ಭಾಳ ಮೆತ್ತಗೈತಿ. ಇಳಿಯಾಗ ಕೊಡ್ತೀನಿ, ತಗಾ," ಎಂದಳು.

ಸುತ್ತಲಿನ ಹೆಂಗಸರೆಲ್ಲ ನಕ್ಕರು. ಕಂಡಕ್ಟರ್ ಬಂದು ಟಿಕೆಟ್ ಹರಿದು ಕೊಡುತ್ತ, "ಈ ಬಸ್ಸಿನಾಗ ರೊಕ್ಕ ಕೊಡಾವ್ರು ಎಲ್ಲಾ ನಿಂತೇ ಬರ್ತಾರ್ರಿ ಸರ್. ಕಂಬ ಗಟ್ಟಿ ಹಿಡ್ಕರ್ರಿ," ಎಂದ. ಪುಕ್ಕಟೆ ಓಡಾಟಕ್ಕೆ ದುಡ್ಡಿಟ್ಟವರು ಬಸ್ಸು ಹೆಚ್ಚಿಸಲೂ ನಾಲ್ಕು ಕಾಸು ಇಡಬಾರದಿತ್ತೇ ಎಂದು ನಾನು ಕುರುಗೋಡಿನವರೆಗೂ ಯೋಚಿಸಿದೆ. ಕೂತಿದ್ದರೆ ಇಷ್ಟು ಆಳವಾಗಿ ಯೋಚಿಸುತ್ತಿರಲಿಲ್ಲವೇನೋ.

ಈ ಸಲದ ಬಜೆಟ್ ಹತ್ತಿರವಾದಾಗ ಪುಕ್ಕಟೆ ಬಸ್ಸು ನಿಲ್ಲಿಸುತ್ತಾರಂತೆ ಎಂದು ಗಾಳಿಸುದ್ದಿ ಹಬ್ಬಿತು. ಗಿರಿಜಾ ಮಂಕಾದಳು. ತರಬೇತಿಗೆ ಬರುವ ಹುಡುಗಿಯರಿಗೆ ರವಿಕೆಯ ತೋಳು ಕೂಡಿಸುವುದನ್ನು ಇನ್ನೂ ಕಲಿಸಿರಲಿಲ್ಲವಂತೆ. ನನಗೆ ಮರುಕವೇನೋ ಆಯಿತು. ಆದರೆ ಒಳಗೊಳಗೇ ಬಿಸಿ ಮಿರ್ಚಿಯ ವಾಸನೆಯೂ ಬಂತು. ಬಜೆಟ್ ದಿನ ಇಬ್ಬರೂ ಟಿ.ವಿ. ಮುಂದೆ ಕೂತೆವು. ಮಂತ್ರಿಗಳು ಓದಿದರು, ಓದಿದರು, ನೀರು ಕುಡಿದು ಮತ್ತೆ ಓದಿದರು. ಬಸ್ಸು ಮೊದಲಿನಂತೆ ಪುಕ್ಕಟೆ ಎಂದಾಗ ಗಿರಿಜಾ ಉಸಿರು ಬಿಟ್ಟಳು. ನಾನೂ ಬಿಟ್ಟೆ, ಬೇರೆ ಕಾರಣಕ್ಕೆ.

"ಹೋಗ್ಲಿ ಬಿಡು," ಎಂದೆ. "ನಿಲ್ಲಿಸಿದ್ರ ಕೆಲಸ ಬಿಡಬೇಕಾಗ್ತಿತ್ತು ನೀನು."

"ಯಾಕ ಬಿಡ್ತಿದ್ದೆ?" ಎಂದಳು. "ನೀವು ಐತವಾರ ಮಧ್ಯಾಹ್ನ ಮಲಗಿದಾಗೆಲ್ಲ ಪಕ್ಕದ ಮನಿ ಶಾಂತಕ್ಕನ ಜೋಡಿ ಮೈದಾನಕ್ಕ ಹೋಗಿ ನಿಮ್ಮ ಸ್ಕೂಟರ್ ಕಲ್ತೀನ್ರಿ. ಲೈಸೆನ್ಸೂ ಬಂದೈತಿ. ಬಸ್ಸು ನಿಂತಿದ್ರ ನಾ ಸ್ಕೂಟರ್ ಮ್ಯಾಲೆ ಹೋಗ್ತಿದ್ದೆ. ಪೆಟ್ರೋಲಿಗಿ ನಿಮ್ಮ ಪಗಾರ ಇದ್ದೇ ಐತಲ್ಲ."

"ಮತ್ತ ನಾನು?"

"ನೀವು ಪರಿಸರದ ಮೇಷ್ಟ್ರು. ಶನಿವಾರ ಒಂದಾ ಯಾಕ, ದಿನಾ ಬಸ್ಸಿಗಿ ಹೋಗ್ತಿದ್ರಿ."

ಬಜೆಟ್ಟಿನಲ್ಲಿ ಗಂಡಸರಿಗೆ ಏನೂ ಇಲ್ಲ ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಅಂದರೆ ನಾನೀಗ ಜಗಳಕ್ಕೇ ನಿಲ್ಲುತ್ತೇನೆ. ಸ್ಕೂಟರಿನ ಕೀಲಿ ಮಾತ್ರ ಐತವಾರ ಮಧ್ಯಾಹ್ನ ನನ್ನ ದಿಂಬಿನ ಕೆಳಗಿರುತ್ತದೆ.