ಈಗ ಕುಂಟದಿರುವ ಮೇಜಿನವರಿಗೆ

ಮಾನ್ಯ ಮೇಜಿನವರೇ,

ನಮ್ಮ ಲಾಂಡ್ರಿಯ ಊಟದ ಕೋಣೆಗೆ ಘನತೆ ತಂದಿರುವ ತಮ್ಮ ನಾಲ್ಕೂ ಪಾದಗಳಿಗೆ, ಅದರಲ್ಲೂ ಕಿಟಕಿ ಕಡೆಯ ಮೋಟು ಪಾದಕ್ಕೆ, ಇಸ್ತ್ರಿ ವಿಭಾಗದ ಈ ಬಡಪಾಯಿಯ ಸಾಷ್ಟಾಂಗ ನಮಸ್ಕಾರಗಳು. ಇದು ಬರೀ ಬಾಯಿಮಾತಲ್ಲ. ಈ ಬಹಿರಂಗ ಪತ್ರವನ್ನು ತಮ್ಮ ಹಲಗೆಯ ಅಡಿಭಾಗಕ್ಕೆ ಅಂಟಿಸಲು ನಾನು ನಿಜಕ್ಕೂ ನೆಲಕ್ಕೆ ಮೈಚಾಚಬೇಕಾಯಿತು.

ಪ್ರತಿ ಶುಕ್ರವಾರ ಬಿಡುವಿನಲ್ಲಿ ನಾವು ನಾಲ್ವರು ತಮ್ಮ ಮೈಮೇಲೆ ಪೋಕರ್ ಆಡುವುದು, ಗಿರಾಕಿಗಳ ಅಂಗಿಯಿಂದ ಉದುರಿದ ಗುಂಡಿಗಳನ್ನೇ ಪಣಕ್ಕಿಡುವುದು, ಹೆಚ್ಚು ಗುಂಡಿ ಗೆದ್ದವರು ಶನಿವಾರ ಮಧ್ಯಾಹ್ನದ ಒಂದೇ ಒಂದು ರಜೆಯನ್ನು ಹೊಡೆದುಕೊಳ್ಳುವುದು ತಮಗೆ ತಿಳಿಯದ್ದೇನಲ್ಲ. ಕಳೆದ ಶನಿವಾರ ಆಸ್ಪತ್ರೆಯಲ್ಲಿ ನನ್ನ ಹೆಂಡತಿಯ ಆಪರೇಷನ್ ಆದ ಒಂದು ಕಣ್ಣಿನ ಕಟ್ಟು ಬಿಚ್ಚುವವರಿದ್ದರು. ‘ಕಣ್ಣು ಬಿಟ್ಟಾಗ ಮೊದ್ಲು ನಿಮ್ಮ ಮುಖಾನೇ ಕಾಣ್ಬೇಕು’ ಎಂದಿದ್ದಳು. ಇಷ್ಟು ವರ್ಷ ಈ ಮುಖದ ಜೊತೆ ಸಂಸಾರ ಮಾಡಿದ ಮೇಲೂ ಒಬ್ಬಳು ಹಾಗೆ ಕೇಳುತ್ತಾಳೆಂದರೆ, ಮೇಜಿನವರೇ, ಮರದ ಮನಸ್ಸೂ ಕರಗಬೇಕು.

ಅದರ ಹಿಂದಿನ ದಿನದ ಆಟದಲ್ಲಿ ನನ್ನ ಕೈಯಲ್ಲಿ ಕೆಂಪು ಹೃದಯದ ಎರಡು ಆಟೀನ್, ತಮ್ಮ ಎದೆಯ ಮೇಲೆ ಬಿಚ್ಚಿಟ್ಟ ನಾಲ್ಕು ಎಲೆಗಳಲ್ಲಿ ಇನ್ನೆರಡು ಆಟೀನ್. ಬರಲಿರುವ ಕೊನೆಯ ಎಲೆಯೂ ಆಟೀನಾದರೆ ಒಂದೇ ಜಾತಿಯ ಐದೆಲೆ ಕೂಡಿ ರಜೆ ನನ್ನದು, ಆಗದಿದ್ದರೆ ನನ್ನ ಕೈಯಲ್ಲಿರುವುದು ಬರೀ ಕಸ. ಅಷ್ಟರಲ್ಲಿ ಬಟ್ಟೆಗೆ ಗಂಜಿ ಹಾಕುವ ನಮ್ಮ ಗಂಜಿಯಕ್ಕ ಒಂದು ಹಿಡಿ ಗುಂಡಿ ಮುಂದೆ ತಳ್ಳಿದರು. ನಾನೂ ಅಷ್ಟೇ ಹಾಕಿ ಕಾಲ್ ಮಾಡಬೇಕೋ, ಎಲೆ ಕೆಳಗಿಟ್ಟು ಮುಂದಿನ ಆಟಕ್ಕೆ ಕಾಯಬೇಕೋ? ಇಂಥ ಸಂಕಟಕ್ಕೆಂದೇ ಲೆಕ್ಕದ ಮೇಷ್ಟ್ರಾದ ನನ್ನ ಭಾವಮೈದುನ ಸೂತ್ರವೊಂದನ್ನು ಅರೆದು ಕುಡಿಸಿದ್ದ: ಹದಿಮೂರರಲ್ಲಿ ನಾಲ್ಕು ಕಂಡಿವೆ, ಒಂಬತ್ತು ಉಳಿದಿವೆ, ಐದು ಸಲಕ್ಕೆ ಒಂದು ಸಲ ಬಂದೇ ಬರುತ್ತದೆ, ಹಾಕಬೇಕಾದದ್ದರ ನಾಲ್ಕು ಪಟ್ಟಿಗಿಂತ ಹೆಚ್ಚು ನಡುವಿನ ಪಣದ ಗುಡ್ಡೆಯಲ್ಲಿದ್ದರೆ ಹಾಕು, ಇಲ್ಲದಿದ್ದರೆ ತೆಪ್ಪಗೆ ಎಲೆ ಇಡು. ಗುಡ್ಡೆಯಲ್ಲಿ ಐದು ಪಟ್ಟು ಇತ್ತು. ಹಾಕಿದೆ. ಬಂದದ್ದು ಕರಿ ಕಳಾವರ್. ರಜೆ ಗಂಜಿಯಕ್ಕನ ಪಾಲಾಯಿತು.

ಆಟೀನ್ ನಂಬಿ ನಾನು ಕೆಟ್ಟದ್ದು ಅದೇ ಮೊದಲಲ್ಲ. ಗಂಜಿಯಕ್ಕ ಮಾತ್ರ ಎಷ್ಟೇ ಆಟೀನ್ ಕೂಡಿಬಂದರೂ ಆಸೆಪಡದೆ ಎಲೆ ಇಟ್ಟುಬಿಡುತ್ತಿದ್ದರು. ‘ಆಟೀನ್ ಕೈ ಕೊಡುತ್ತಪ್ಪಾ, ನಂಬ್ಬೇಡ’ ಎನ್ನುತ್ತಿದ್ದರು. ಅನುಭವಸ್ಥರ ಮಾತೆಂದು ನಾವು ತಲೆದೂಗುತ್ತಿದ್ದೆವು.

ಸೋಮವಾರ ನೆಲ ಒರೆಸಲು ತಮ್ಮನ್ನು ಎತ್ತಿದಾಗ ಆ ಮೋಟು ಪಾದದಡಿ ಆಟೀನ್ ರಾಜ, ರಾಣಿ, ಗುಲಾಮರು ನಾಲ್ಕು ಮಡಿಕೆಯಾಗಿ, ಗಂಜಿಯಿಂದ ಗಟ್ಟಿಯಾಗಿ ಅಂಟಿಕೊಂಡು ದರ್ಶನ ಕೊಟ್ಟರು. ಉಳಿದದ್ದು ಒಂಬತ್ತಲ್ಲ, ಆರು, ಐದಕ್ಕೊಂದಲ್ಲ, ಏಳಕ್ಕೊಂದು. ಭಾವಮೈದುನನ ಸೂತ್ರ ಸರಿಯಾಗಿಯೇ ಇತ್ತು, ಎಲೆಗಳು ಮಾತ್ರ ಇರಲಿಲ್ಲ. ಇಡೀ ರಾಜಪರಿವಾರವನ್ನು ತುಳಿದುಕೊಂಡು ನಿಂತಿದ್ದರೂ ಒಂದು ಸಲವಾದರೂ ಕಿರ್ ಎನ್ನದ ತಮ್ಮ ಸಂಯಮಕ್ಕೆ ಎಷ್ಟು ಸನ್ಮಾನ ಮಾಡಿದರೂ ಕಡಿಮೆಯೇ.

ಆ ಶನಿವಾರ ಕಟ್ಟು ಬಿಚ್ಚಿದಾಗ ಎದುರಿಗಿದ್ದವನು ಅದೇ ಭಾವಮೈದುನ. ‘ನಿನ್ನ ಮೂತಿ ನೋಡೋಕೇನೋ ನಾನು ಕಣ್ಣು ಕೊಯ್ಸ್ಕೊಂಡಿದ್ದು?’ ಎಂದು ತಮ್ಮನನ್ನು ಬೈದಳಂತೆ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆದ್ದರಿಂದ ತಾವು ಕೃಪೆ ಮಾಡಿ ಆ ಮೋಟು ಕಾಲನ್ನು ಒಂದು ಬೆರಳಿನಷ್ಟು ಬೆಳೆಸಿಕೊಳ್ಳಬೇಕು. ಅದಾಗದಿದ್ದರೆ ನಾನು ದುಡುಕಿ ಗುಂಡಿ ಎತ್ತಿದಾಗ ಸಣ್ಣಗೆ ಕೆಮ್ಮಬೇಕು. ಅದೂ ಆಗದಿದ್ದರೆ ಆ ಒಂದು ಶನಿವಾರವನ್ನು, ಉಪಯೋಗಿಸದ ಸ್ಥಿತಿಯಲ್ಲಿ, ನನಗೆ ಹಿಂತಿರುಗಿಸಬೇಕೆಂದು ಕೋರುತ್ತೇನೆ.

ತಮ್ಮ ಮೇಲೆ ಮೊಣಕೈಯೂರಿ ಮೋಸಹೋದ,
ತಮ್ಮ ವಿಶ್ವಾಸಿ,
ಇಸ್ತ್ರಿಯವನು

ತಾ.ಕ.: ಎರಡನೆಯ ಕಣ್ಣಿನ ಕಟ್ಟು ಬಿಚ್ಚುವುದೂ ಶನಿವಾರವೇ ಎಂದು ಡಾಕ್ಟರು ಹೇಳಿದ್ದಾರೆ. ರಾಜಪರಿವಾರವನ್ನು ಒಂದು ಗೆರೆಯೂ ಉಳಿಯದಂತೆ ಇಸ್ತ್ರಿ ಮಾಡಿ ಉಳಿದ ಎಲೆಗಳೊಂದಿಗೆ ಸೇರಿಸಿದ್ದೇನೆ. ತಮ್ಮ ಪಾದ ಬರಿದಾಗಬಾರದಲ್ಲ, ಅಲ್ಲಿ ಮೂರು ಕಳಾವರ್ ಇಟ್ಟಿದ್ದೇನೆ. ಶುಕ್ರವಾರ ಗಂಜಿಯಕ್ಕ ಕೊನೆಯ ಕಳಾವರ್‌ಗೆ ಕಾಯುತ್ತ ಗುಂಡಿ ತಳ್ಳಿದಾಗ ತಾವು ದಯವಿಟ್ಟು ಅಲುಗಾಡಬಾರದು.