ನಲವತ್ತಮೂರನೇ ನಿವೇಶನದ ಒಡತಿ

ನ್ಯೂಜಿಲೆಂಡಿನ ವೈತೋರಿ ನದಿಯ ದಂಡೆಯ ಮೇಲೆ ವಸಾಹತು ಕಂಪನಿಯು ನಕ್ಷೆಯಲ್ಲಿ ನಿರ್ಮಿಸಿದ ಪಟ್ಟಣದಲ್ಲಿ ನೂರು ನಿವೇಶನಗಳಿದ್ದು, ತೊಂಬತ್ತೊಂಬತ್ತು ಮಾರಾಟವಾಗಿದ್ದವು. ಕೊಂಡವರೆಲ್ಲ ಲಂಡನ್ನಿನಲ್ಲಿದ್ದರು, ಒಬ್ಬರೂ ಬಂದಿರಲಿಲ್ಲ. ಇದನ್ನು ಕಂಪನಿಯು 'ತೃಪ್ತಿಕರ ಪ್ರಗತಿ' ಎಂದು ದಾಖಲಿಸಿತ್ತು.

ಉಳಿದದ್ದು ನಲವತ್ತಮೂರನೆಯದು. ಸರ್ವೆಯರ್ ಎಡ್ವಿನ್ ಥ್ರಾಪ್ ಅಲ್ಲಿ ಗೂಟ ಹೊಡೆದ ಮರುದಿನ ಬೆಳಿಗ್ಗೆ ಆ ಗೂಟ ಅವನ ಡೇರೆಯ ಬಾಗಿಲಲ್ಲಿತ್ತು. ಪಕ್ಕದಲ್ಲಿ ಅಲ್ಲಿನ ಮೂಲನಿವಾಸಿ, ಮಾವೋರಿ ಮುದುಕಿ ರಿಪೆಕಾ ಕೂತಿದ್ದಳು.

"ಇದನ್ನ ನೀನು ನನ್ನ ಹೊಲದಲ್ಲಿ ಮರೆತು ಬಂದಿದ್ದೆ, ಮಗಾ."

"ಅದು ಹೊಲ ಅಲ್ಲ ಅಜ್ಜಿ, ಬರೀ ಜರಿಗಿಡ."

"ಗೆಣಸು ಬೆಳೆದು ಮಣ್ಣು ದಣಿದಿತ್ತು, ಮೂರು ವರ್ಷದಿಂದ ಮಲಗಿಸಿದ್ದೀನಿ. ಈ ವಸಂತಕ್ಕೆ ಎಬ್ಬಿಸ್ತೀನಿ. ನೀನು ಮಲಗಿದಾಗ ನಿನ್ನ ಸುತ್ತ ಯಾರಾದ್ರೂ ಗೂಟ ಹೊಡೀತಾರಾ?"

ಥ್ರಾಪ್ ಸುತ್ತ ನೋಡಿದ. ಡೇರೆಗೆ ಎಂಟು ಗೂಟ ಹೊಡೆದಿತ್ತು. ಆದರೂ ಮಾತು ನ್ಯಾಯದ್ದೇ ಅನ್ನಿಸಿತು. ರಿಪೆಕಾಳ ಇನ್ನೊಂದು ಹೊಲ ಆಗಲೇ ಹನ್ನೆರಡನೇ ನಿವೇಶನವಾಗಿತ್ತು. ಅಲ್ಲಿನ ಕೊನೆಯ ಫಸಲಿನಿಂದ ಅವಳ ಅಜ್ಜಿಯ ಕಾಲದ ತಳಿಯ ಒಂದೇ ಬುಟ್ಟಿ ಬಿತ್ತನೆ ಗೆಣಸು ಉಳಿದಿತ್ತು. ವಸಂತದಲ್ಲಿ ನೆಡದಿದ್ದರೆ ಕೊಳೆತು, ತಳಿಯೇ ಹೋಗುವುದು.

ಥ್ರಾಪ್ ಕಂಪನಿಯ ಕಚೇರಿಗೆ ಬರೆದ: "ಮಾನ್ಯರೇ, ಸದರಿ ಭೂಮಿಯು ಪಾಳುಬಿದ್ದಿಲ್ಲ, ಮಲಗಿದೆ ಎಂದು ತಿಳಿದುಬಂದಿದೆ. ಎಬ್ಬಿಸಲು ಅಪ್ಪಣೆ ಕೋರಲಾಗಿದೆ."

ಎರಡು ದಿನದ ಹಾದಿಯ ಕಚೇರಿಯಿಂದ ಐದು ತಿಂಗಳಿಗೆ ಉತ್ತರ ಬಂತು: "ನಿಯಮ ಏಳರನ್ವಯ, ಸ್ಥಳದಲ್ಲೇ ಇದ್ದವರು ಉಳದೆ ಬಿಟ್ಟ ಭೂಮಿ ಪಾಳು, ಕಂಪನಿಗೆ ಸೇರತಕ್ಕದ್ದು. ಗೈರುಹಾಜರಾದ ಮಾಲೀಕರು ಉಳದೆ ಬಿಟ್ಟ ಭೂಮಿ ಆಸ್ತಿ, ಯಾರೂ ಮುಟ್ಟತಕ್ಕದ್ದಲ್ಲ."

ಥ್ರಾಪ್ ಒಳ್ಳೆಯವನು. ಓಡೋಡಿ ಬಂದ.

"ಅಜ್ಜಿ, ನದಿ ಆಚೆ ಹೋಗಿಬಿಡಿ. ಹೊಲ ಉಳಿಯತ್ತೆ."

"ಬಿಟ್ಟು ಹೋದ್ರೆ ಉಳಿಯತ್ತಾ?"

"ಇಲ್ಲಿ ಉಳಿದಿರೋದೆಲ್ಲ ಅಂಥವರದ್ದೇ. ಆ ತೊಂಬತ್ತೊಂಬತ್ತು ಜನರನ್ನ ನೋಡಿ."

"ಯಾರನ್ನ ನೋಡ್ಲಿ? ಒಬ್ರೂ ಇಲ್ವಲ್ಲ!"

"ಅದನ್ನೇ ಹೇಳ್ತಿರೋದು."

ಮೊಮ್ಮಕ್ಕಳನ್ನು ಕಟ್ಟಿಕೊಂಡು ರಿಪೆಕಾ ಆಚೆ ದಂಡೆಯ ಜೌಗಿಗೆ ಹೋದಳು. ಅವಳನ್ನು ಹೊಲದ ಒಡತಿಯೆಂದು ಒಪ್ಪುವ ಗೈರುಹಾಜರಿ ಪ್ರಮಾಣಪತ್ರ ನಾಲ್ಕೇ ದಿನಕ್ಕೆ ಬಂತು. ಜನರನ್ನು ಎಬ್ಬಿಸುವ ಕಾಗದಗಳು ಎಂದೂ ತಡವಾಗುವುದಿಲ್ಲ.

ಐದನೆಯ ದಿನ ಅವಳು ಮೊಳಕೆಯೊಡೆದ ಗೆಣಸಿನ ಬುಟ್ಟಿ ಹೇರಿಕೊಂಡು ದೋಣಿಯಲ್ಲಿ ಬಂದಳು. ಥ್ರಾಪ್ ಕೈ ಅಡ್ಡ ಮಾಡಿದ.

"ಕಾಲಿಡಬೇಡಿ ಅಜ್ಜಿ! ಇಟ್ರೆ ನೀವು ಹಾಜರಾದ ಹಾಗೆ. ನಿಮ್ಮ ಹೊಲಕ್ಕೆ ನೀವೇ ಅತಿಕ್ರಮಣದಾರರು."

"ಹಂಗಾದ್ರೆ ನೆಡೋದು ಯಾವಾಗ?"

ಥ್ರಾಪ್ ಪ್ರಮಾಣಪತ್ರವನ್ನು ತಿರುವಿ ಹಾಕಿ ನೋಡಿದ. ಹಿಂಬದಿ ಖಾಲಿ ಇತ್ತು. ಅವನಿಗೆ ನಿಜಕ್ಕೂ ಸಂಕಟವಾಯಿತು; ಆದರೆ ಸಂಕಟಕ್ಕೆ ನಿಯಮವಿರಲಿಲ್ಲ.

ಬುಟ್ಟಿ ಜೌಗಿನಲ್ಲೇ ಕೊಳೆಯಿತು. ಥ್ರಾಪ್ ವಾರ್ಷಿಕ ವರದಿ ಬರೆದ: "ನೂರೂ ನಿವೇಶನಗಳಿಗೆ ಮಾಲೀಕರಿದ್ದಾರೆ. ಒಬ್ಬರೂ ಇಲ್ಲದ ಕಾರಣ ತಕರಾರುಗಳಿಲ್ಲ." ಅವನಿಗೆ ಬಡ್ತಿಯಾಯಿತು.

ಮರುವರ್ಷ ದಾರಿಹೋಕನೊಬ್ಬ ನಲವತ್ತಮೂರರ ದಂಡೆಗೆ ದೋಣಿ ಹಚ್ಚಿದ. ಆಚೆಯಿಂದ ರಿಪೆಕಾ ಎದ್ದುನಿಂತು ಕೂಗಿದಳು:

"ಏ, ಅಲ್ಲಿ ಇಳೀಬೇಡ! ಒಡತಿ ಊರಲ್ಲಿಲ್ಲ!"