ಚಿಕ್ಕಮ್ಮನಿಗೆ ಗಣಿತವೊಂದೇ ಬಾಕಿ

ಹತ್ತನೇ ಕ್ಲಾಸಿನ ಗಣಿತದಲ್ಲಿ ನಮ್ಮ ಚಿಕ್ಕಮ್ಮನಷ್ಟು ಸಲ ಫೇಲಾದವರು ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕಿನಲ್ಲಿ ಇನ್ನೊಬ್ಬರಿದ್ದರೆ ತೋರಿಸಿ, ಅವರ ಮನೆಗೆ ಹೋಗಿ ಒಂದು ವಾರ ಪಾತ್ರೆ ತೊಳೆದುಕೊಟ್ಟು ಬರುತ್ತೇನೆ! ಎಲ್ಲರೂ ಪಾಸಾದದ್ದನ್ನು ಹೇಳಿಕೊಳ್ಳುತ್ತಾರೆ. ಚಿಕ್ಕಮ್ಮ ಮೀನಿನವಳನ್ನೂ ನಿಲ್ಲಿಸಿ, “ಹೋದ ಸಲ ಹನ್ನೊಂದು, ಈ ಸಲ ಹದಿನೇಳು ಬಂತು” ಎನ್ನುತ್ತಿದ್ದಳು. ಮೀನಿನವಳು ಬಂಗುಡೆ ಮೀನಿನ ಲೆಕ್ಕವೆಂದೇ ತಿಳಿದು, “ಹದಿನೇಳು ಬಂದ್ರೆ ಚಲೋನೇ ಆತಲ ಅಮ್ಮ!” ಎಂದು ಬುಟ್ಟಿ ಎತ್ತಿಕೊಂಡು ಹೋಗುತ್ತಿದ್ದಳು.

ಹುಡುಗಿಯಾಗಿದ್ದಾಗ ಚಿಕ್ಕಮ್ಮ ಉಳಿದೆಲ್ಲ ವಿಷಯ ಪಾಸು ಮಾಡಿದ್ದಳು, ಗಣಿತವೊಂದು ಕೈಕೊಟ್ಟಿತು. ಅಷ್ಟರಲ್ಲಿ ಮದುವೆಯಾಯಿತು. ನಾಲ್ಕೇ ವರ್ಷಕ್ಕೆ ಚಿಕ್ಕಪ್ಪ ತೀರಿಕೊಂಡರು. ಮಕ್ಕಳಿರಲಿಲ್ಲ. ಹಿರೇಗುತ್ತಿಯಲ್ಲಿ ಒಬ್ಬಳೇ ಉಳಿದು, ಹೈಸ್ಕೂಲೊಂದರಲ್ಲಿ ಬಿಸಿಯೂಟದ ಅಡುಗೆಗೆ ಸೇರಿದಳು. ಅಡುಗೆಕೋಣೆಗೂ ಹತ್ತನೇ ಕ್ಲಾಸಿಗೂ ನಡುವೆ ಒಂದೇ ಗೋಡೆ. ಐವತ್ತರ ಹೊಸ್ತಿಲಲ್ಲಿ ಆ ಗೋಡೆಯಾಚೆಯಿಂದ ಬೀಜಗಣಿತ ಕೇಳಿಸಿದರೆ ಯಾರಾದರೂ ಮತ್ತೆ ಪರೀಕ್ಷೆ ಕಟ್ಟುತ್ತಾರೆಯೇ? ಇವಳು ಕಟ್ಟಿದಳು!

ಮೇಷ್ಟ್ರು ಹೊಸ ಪಾಠ ಶುರು ಮಾಡಿದ ದಿನ ಸಾಂಬಾರಿಗೆ ಉಪ್ಪಿರುತ್ತಿರಲಿಲ್ಲ. ಒಮ್ಮೆ ಹೆಡ್ಮಾಸ್ತರರೇ ಬಟ್ಟಲು ಹಿಡಿದು ಬಂದರು.

“ಎಂತ ಅಮ್ಮ ಇದು? ಉಪ್ಪೆಲ್ಲಿ?”

“ಎಕ್ಸ್ ಎಲ್ಲಿ ಹೋತು ಅಂತ ಹುಡುಕ್ತಾ ಇದ್ದೆ ಸರ್, ಉಪ್ಪು ಡಬ್ಬಿಲೇ ಉಳೀತು.”

ನಾನು ಭಟ್ಕಳದ ಕಚೇರಿಯೊಂದರಲ್ಲಿ ಗುಮಾಸ್ತೆ. ಪಕ್ಕದ ಜಾಲಿ ಎಂಬ ಊರಲ್ಲಿ ಒಂದು ಬಾಡಿಗೆ ಕೋಣೆ. ಅಮ್ಮ ಹೋದ ಮೇಲೆ ನನ್ನವರು ಅಂತ ಉಳಿದವಳು ಚಿಕ್ಕಮ್ಮ ಒಬ್ಬಳೇ. ಭಾನುವಾರ ಬೆಳಿಗ್ಗೆ ಫೋನು ಬರುತ್ತಿತ್ತು. ಊಟ ಆಯಿತೇ, ಮೈ ಹುಷಾರೇ, ಊಹೂಂ! “ಬರ್ಕೋ” ಎಂದು ನೇರ ಲೆಕ್ಕಕ್ಕೇ ಇಳಿದು, ತಾನು ಬಿಡಿಸಿದ ಸಾಲುಗಳನ್ನೂ ಓದಿ ಹೇಳುತ್ತಿದ್ದಳು. ನಾನು ಎರಡು ನಿಮಿಷದಲ್ಲಿ ಬಿಡಿಸಿ ಉತ್ತರ ಹೇಳಲು ಹೊರಟರೆ ಅತ್ತಲಿಂದ ಕೂಗು: “ಹೇಳ್ಬೇಡ! ನಾ ಎಲ್ಲಿ ತಪ್ಪಿದೆ ಅಂತ ಮಾತ್ರ ಹೇಳು.” ಮೂರನೇ ಸಾಲು ಅಂದರೆ ಸಾಕು, ಫೋನು ಕಟ್. ನನಗೆ ಆಡಲು ಇದ್ದ ಮಾತೆಲ್ಲ ಬಾಯಲ್ಲೇ ಉಳಿಯುತ್ತಿತ್ತು.

ಒಂದು ಸಲ ಕುಮಟಾಕ್ಕೆ ಪರೀಕ್ಷೆಗೆ ನಾನೇ ಕರೆದುಕೊಂಡು ಹೋದೆ. ಗೇಟಿನಲ್ಲಿದ್ದವರು ಕೈ ಅಡ್ಡ ಹಿಡಿದರು. “ಅಮ್ಮ, ಪೋಷಕರು ಹೊರಗೆ ನಿಲ್ಲಿ.”

“ಪರೀಕ್ಷೆ ನಂದೇ. ಪೋಷಕರು ಅಲ್ಲಿ ನಿಂತಿದ್ದು” ಎಂದು ನನ್ನನ್ನು ತೋರಿಸಿದಳು!

ಮೂರು ತಾಸು ಬಿಟ್ಟು ಬೆವರೊರೆಸುತ್ತ ಹೊರಗೆ ಬಂದಳು. ಮುಖ ಹೊಳೆಯುತ್ತಿತ್ತು.

“ಬಂತು!”

“ಎಲ್ಲಾ ಬಂತಾ?”

“ಒಂದು ಬಂತು. ಎರಡು ತಾಸು ಆಡಿಸ್ತು ಮಾರಾಯ್ತಿ, ನಾ ಬಿಡ್ಲಿಲ್ಲ.”

“ಉಳಿದದ್ದು?”

“ಉಳಿದದ್ದಕ್ಕೆ ಮುಂದಿನ ಸಲ ಅದೆಯಲ.”

ಆ ಸಲ ಬಂದದ್ದು ಒಂಬತ್ತು. ಹದಿನೇಳರಿಂದ ಒಂಬತ್ತು! ಮೀನಿನವಳಿಗೆ ಹೇಳಲಿಲ್ಲ. ಗಣಿತದ ಗೈಡನ್ನು ಒಲೆಗೆ ಹಾಕಿದಳು. ಹಾಕಿದವಳೇ ಮರುಗಳಿಗೆಗೆ ಇಕ್ಕಳದಲ್ಲಿ ಎಳೆದು, ಮೇಲೆ ನೀರು ಚಿಮುಕಿಸಿದಳು. ಒಂದು ಮೂಲೆ ಮಾತ್ರ ಸುಟ್ಟಿತ್ತು.

ಅದಾದ ಮೇಲೆ ಎರಡು ಭಾನುವಾರ ಫೋನೇ ಬರಲಿಲ್ಲ. ಹೆದರಿ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಚಿಕ್ಕಮ್ಮ ಜಗಲಿಯಲ್ಲಿ ಸೋತು ಕೂತಿದ್ದಾಳೆ, ಪಕ್ಕದಲ್ಲಿ ಪೂರ್ತಿ ಗೀಚಿ ಮುಗಿಸಿದ ಎರಡು ನೋಟ್‌ಬುಕ್ಕು. ಒಂದು ಹೊಲ, ಉದ್ದ ಅಗಲಕ್ಕಿಂತ ಐದು ಮೀಟರ್ ಹೆಚ್ಚು, ಹಾಗಾದರೆ ಉದ್ದ ಎಷ್ಟು? ಇದೊಂದರ ಹಿಂದೆ ಎಂಟು ದಿನ ಬಿದ್ದಿದ್ದಳಂತೆ. “ನಂಗೆ ತಲೆ ಇಲ್ಲ, ಮಗಾ. ಬಿಟ್ಟೆ” ಎಂದಳು. ಅವಳ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಗೈಡು ತೆಗೆದು ನೋಡಿದೆ. “ಚಿಕ್ಕಮ್ಮ, ಹೊಲದ ವಿಸ್ತೀರ್ಣ ಕೊಟ್ಟ ಜಾಗವೇ ಸುಟ್ಟು ಹೋಗಿದೆ. ಇದು ಯಾರು ಬಂದರೂ ಆಗುವ ಲೆಕ್ಕವಲ್ಲ.”

ಅವಳು ಸುಟ್ಟ ಮೂಲೆಯನ್ನು ಬೆರಳಿನಿಂದ ಸವರಿದಳು. “ಅಂದ್ರೆ ನಾ ದಡ್ಡಿ ಅಲ್ಲ?”

“ಅಲ್ಲ.”

“ತಪ್ಪು ಲೆಕ್ಕದ್ದೇ?”

“ಲೆಕ್ಕದ್ದೇ.”

ಎದ್ದು ಹೋಗಿ ಪಾಯಸ ಮಾಡಿದಳು! ಆಮೇಲೆ ಅವಳ ಕ್ರಮವೇ ಬದಲಾಯಿತು. ಯಾವ ಲೆಕ್ಕ ಬಂದರೂ ಮೊದಲು ಎಂತ ಕೊಟ್ಟಿದ್ದಾರೆ, ಎಂತ ಕೇಳಿದ್ದಾರೆ ಅಂತ ಬರೆಯುತ್ತಿದ್ದಳು. ಗಂಟು ಬಿದ್ದರೆ ಹಿತ್ತಲಿನ ಹರಿವೆ ಸೊಪ್ಪಿಗೆ ನಾಲ್ಕು ಕೊಡ ನೀರು ಹೊಯ್ದು ಬಂದು ಮತ್ತೆ ಕೂರುತ್ತಿದ್ದಳು. ಆ ವರ್ಷ ಹರಿವೆ ಸೊಂಟದೆತ್ತರ ಬೆಳೆಯಿತು, ಚಿಕ್ಕಮ್ಮನಿಗೆ ಮೂವತ್ತೊಂಬತ್ತು ಬಂತು. ಪಾಸು!

ಫಲಿತಾಂಶ ಬಂದದ್ದು ಶನಿವಾರ. ಸಂಜೆಯ ಬಸ್ಸಿಗೆ ಸಿಹಿ ಕಟ್ಟಿಸಿಕೊಂಡು ಓಡಿದೆ. ಮನೆಯಲ್ಲಿ ಹಬ್ಬವಿರಬಹುದೆಂದುಕೊಂಡರೆ ಚಿಕ್ಕಮ್ಮ ಸುಮ್ಮನೆ ಬಾಗಿಲಲ್ಲಿ ಕೂತಿದ್ದಳು.

“ಎಂತ ಆತು ಚಿಕ್ಕಮ್ಮ? ಪಾಸಾದೆಯಲ್ಲ!”

“ಆತು. ಮುಗೀತು.” ಸೆರಗಿನ ತುದಿ ಸುತ್ತುತ್ತ ಹೇಳಿದಳು, “ಇನ್ನು ಭಾನುವಾರ ಎಂತ ಹೇಳಿ ನಿಂಗೆ ಫೋನು ಮಾಡೂದು?”

ನನಗೆ ನಗು ಬರಲಿಲ್ಲ. ಜಾಲಿಯ ಕೋಣೆಯಲ್ಲಿ ಭಾನುವಾರ ಬೇಗ ಎದ್ದು, ಮೊಬೈಲು ಮುಂದಿಟ್ಟುಕೊಂಡು ನಾನು ಕಾಯುತ್ತಿದ್ದದ್ದನ್ನು ಅವಳಿಗೆ ಎಂದೂ ಹೇಳಿರಲಿಲ್ಲ. ಯಾರಿಗೂ ಹೇಳದ ಇನ್ನೊಂದು ವಿಷಯವೂ ಇತ್ತು. ಅದು ತಾನಾಗಿ ಬಾಯಿಂದ ಬಂತು.

“ಚಿಕ್ಕಮ್ಮ, ನಾನು ಇಲಾಖೆಯ ಬಡ್ತಿ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದೇನೆ. ನಾಚಿಕೆಯಾಗಿ ಬಿಟ್ಟುಬಿಟ್ಟೆ.”

ಚಿಕ್ಕಮ್ಮ ನನ್ನ ಮುಖ ನೋಡಿದಳು. “ಎರಡೇ ಸಲವಾ?”

ಆ ‘ಎರಡೇ’ಯಲ್ಲಿ ಎಷ್ಟು ಅಕ್ಕರೆಯಿತ್ತೋ! ನನ್ನ ಕಣ್ಣು ತುಂಬಿತು.  ಅವಳು ಒಳಗೆ ಹೋಗಿ ಅಟ್ಟದಿಂದ ಒಂದು ಚಾಪೆ ಇಳಿಸಿದಳು. ಹೊಚ್ಚ ಹೊಸದು, ಅಂಗಡಿಯವನು ಕಟ್ಟಿದ ದಾರ ಹಾಗೇ ಇತ್ತು.

“ಯಾರಾದ್ರೂ ಬಂದ್ರೆ ಬೇಕಾತು ಅಂತ ತಂದಿಟ್ಟಿದ್ದೆ, ಭಾಳ ವರ್ಷ ಆತು. ಇವತ್ತು ಇಲ್ಲೇ ಮಲ್ಕೋ, ನಾಳೆ ಭಾನುವಾರ, ನೀ ಎಲ್ಲಿ ತಪ್ಪಿದೆ ಅಂತ ನೋಡ್ವ” ಎನ್ನುತ್ತ ದಾರ ಬಿಚ್ಚಿ, ತನ್ನ ಚಾಪೆಗೆ ತಾಗಿಸಿ ಹಾಸಿದಳು.